ಸೊಂಟಕ್ಕೆ ಹಾಕುವ ಎರಡು ಸೂಜಿ

ಮಂಡ್ಯದ ಕಡೆ ಯಾರಾದರೂ "ಸೊಂಟಕ್ಕೊಂದು ಇಂಜೆಕ್ಷನ್ ಹಾಕಿಸ್ಕೊಂಡ್ ಬಂದೆ" ಅಂದರೆ, ಅದು ಚಡ್ಡಿ ಸ್ವಲ್ಪ ಸಡಿಲಿಸಿ ಪೃಷ್ಠದ ಮಾಂಸಕ್ಕೆ ಚುಚ್ಚಿಸಿಕೊಂಡ ಸೂಜಿ ಎಂದೇ ಕೇಳುವವರು ತಿಳಿಯುತ್ತಾರೆ. ಜ್ವರ, ಮೈಕೈ ನೋವು, ಮಂಡಿನೋವು, ಎಲ್ಲಕ್ಕೂ ಅದೇ. ಸೊಂಟ ಹಿಡಿದುಕೊಂಡು ಕಾಲು ಸೆಳೆಯುತ್ತಿದ್ದರೂ ಮೊದಲು ಬೀಳುವುದು ಅದೇ ಸೂಜಿ. ಆದರೆ ದೊಡ್ಡಾಸ್ಪತ್ರೆಯ ವೈದ್ಯರು ಡಿಸ್ಕ್ ತೊಂದರೆಗೆ "ಸೊಂಟಕ್ಕೆ ಇಂಜೆಕ್ಷನ್ ಕೊಡೋಣ" ಅಂದಾಗ ಅವರ ಮನಸ್ಸಿನಲ್ಲಿರುವುದು ಬೇರೆ ಸೂಜಿ. ಅದು ಬೆನ್ನುಮೂಳೆಯ ಒಳಗೆ, ನರದ ಬುಡಕ್ಕೆ ಸ್ಟೀರಾಯ್ಡ್ ಬಿಡುವ ಎಪಿಡ್ಯೂರಲ್ ಇಂಜೆಕ್ಷನ್. ಹೆಸರು ಒಂದೇ ಆದ್ದರಿಂದ ಗೊಂದಲವೂ ಜಾಸ್ತಿ. "ಆಗ್ಲೇ ಹತ್ತು ಹಾಕಿಸ್ಕೊಂಡಿದೀನಿ, ಏನೂ ಆಗ್ಲಿಲ್ಲ" ಎಂದು ಕೆಲವರು ಎರಡನೆಯದನ್ನು ಬೇಡ ಅನ್ನುತ್ತಾರೆ. ಎರಡನೆಯದನ್ನು ಕಂಡು ಹೆದರಿದ ಇನ್ನು ಕೆಲವರು ಮೊದಲನೆಯದಕ್ಕೇ ವರ್ಷಗಟ್ಟಲೆ ಜೋತುಬೀಳುತ್ತಾರೆ.

ಕಾಯಿಲೆ ಸೊಂಟದ್ದು, ನೋವು ಕಾಲಿನದ್ದು

ಬೆನ್ನುಮೂಳೆಯ ತುಂಡುಗಳ ನಡುವೆ 23 ಡಿಸ್ಕ್‌ಗಳಿವೆ. ಮದ್ದೂರಿನವರಿಗೆ ಡಿಸ್ಕ್ ಹೇಗಿರುತ್ತದೆ ಎಂದು ಹೇಳುವುದು ಸುಲಭ. ಎಳನೀರನ್ನು ನೆನೆಸಿಕೊಂಡರೆ ಸಾಕು. ಸುತ್ತ ಪದರಪದರವಾಗಿ ಬಿಗಿದ ನಾರು, ಒಳಗೆ ಗಂಜಿಯಂಥ ಮೆತ್ತನೆಯ ತಿರುಳು. ವಯಸ್ಸಾದಂತೆ, ಭಾರ ಬಿದ್ದಂತೆ ನಾರಿನಲ್ಲಿ ಬಿರುಕು ಬಿಡುತ್ತದೆ. ಒಂದು ದಿನ ಒಳಗಿನ ತಿರುಳು ಆ ಬಿರುಕಿನಿಂದ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಇಲ್ಲವೇ ಹೊರಗೇ ಬಂದುಬಿಡುತ್ತದೆ. ನಾವು "ಡಿಸ್ಕ್ ಸ್ಲಿಪ್ ಆಗದೆ" ಅನ್ನುತ್ತೇವಾದರೂ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಅದರ ಹೊಟ್ಟೆ ಒಡೆಯುತ್ತದೆ.

ಹೊರಬಂದ ತಿರುಳಿನ ಪಕ್ಕದಲ್ಲೇ ಕಾಲಿಗೆ ಇಳಿಯುವ ನರದ ಬೇರು ಹಾದುಹೋಗುತ್ತದೆ. ಸೊಂಟದ ಕೆಳಗಿನ ಎರಡು ಡಿಸ್ಕ್‌ಗಳಲ್ಲೇ, ಅಂದರೆ ನಾಲ್ಕು-ಐದನೇ ಸೊಂಟದ ಮೂಳೆಗಳ ನಡುವೆ ಮತ್ತು ಅದರ ಕೆಳಗೆ, ಹತ್ತರಲ್ಲಿ ಒಂಬತ್ತು ಪ್ರಕರಣಗಳು ಆಗುತ್ತವೆ. ಆದ್ದರಿಂದ ನೋವು ಹರಿಯುವ ದಾರಿಯೂ ಬಹುಮಟ್ಟಿಗೆ ನಿಗದಿ. ಐದನೇ ನರವಾದರೆ ಮೀನಖಂಡದ ಹೊರಬದಿಯಿಂದ ಹೆಬ್ಬೆರಳಿಗೆ ಹೋಗುತ್ತದೆ. ಅದರ ಕೆಳಗಿನದಾದರೆ ಹಿಮ್ಮಡಿಗೆ, ಕಿರುಬೆರಳಿಗೆ. ಹಿಮ್ಮಡಿಯ ಮೇಲೆ ನಡೆಯಲಾಗದಿದ್ದರೆ ಮೊದಲನೆಯದು, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಎರಡನೆಯದು ಎಂದು ವೈದ್ಯರು ಯಂತ್ರವಿಲ್ಲದೆಯೇ ಅಂದಾಜು ಮಾಡುತ್ತಾರೆ. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿದಾಗ ಮಂಡಿಯಿಂದ ಕೆಳಕ್ಕೆ ಮಿಂಚು ಹೊಡೆದಂತಾದರೆ ಅದು ನರದ ನೋವೇ. ಆಯುರ್ವೇದ ಇದನ್ನು ಗೃಧ್ರಸಿ ಎನ್ನುತ್ತದೆ. ಗೃಧ್ರವೆಂದರೆ ರಣಹದ್ದು. ರೋಗಿ ಒಂದು ಪಕ್ಕ ವಾಲಿಕೊಂಡು ಕಾಲು ಎಳೆಯುತ್ತಾ ನಡೆಯುವುದನ್ನು ನೋಡಿದವರಿಗೆ ಆ ಹೆಸರಿನ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಬಾಗಿದ ಬೆನ್ನಿನ ಸೀಮೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮೇಲೆ ಈ ಸೀಮೆಯ ದುಡಿಮೆಯ ಭಂಗಿಯೇ ಬದಲಾಯಿತು. ಕಬ್ಬು ಕಡಿಯುವವರನ್ನು ಹತ್ತಿರ ನಿಂತು ನೋಡಬೇಕು. ಸಕ್ಕರೆ ಹೆಚ್ಚಿರುವುದು ಬುಡದಲ್ಲಿ, ಹಾಗಾಗಿ ಮಚ್ಚು ನೆಲಕ್ಕೆ ತಾಗುವಂತೆ ಬೀಳಬೇಕು. ಆಳು ಸೊಂಟದಿಂದ ಎರಡಾಗಿ ಬಾಗುತ್ತಾನೆ, ಎಡಗೈಯಲ್ಲಿ ಜಲ್ಲೆ ಹಿಡಿಯುತ್ತಾನೆ, ಬುಡಕ್ಕೆ ಒಂದು ಏಟು ಹಾಕುತ್ತಾನೆ, ಸೋಗೆ ಸವರಿ, ಸೊಂಟ ತಿರುಗಿಸಿ ಪಕ್ಕಕ್ಕೆ ಎಸೆಯುತ್ತಾನೆ. ಮತ್ತೆ ಬಾಗುತ್ತಾನೆ. ಸಂಜೆ ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ ಲಾರಿಗೆ ತುಂಬುವುದು ಬೇರೆ. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವವರು, ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರಿನ ಗೊನೆ ಎತ್ತುವವರು, ಮಳವಳ್ಳಿ ಕಡೆಯ ಗದ್ದೆಯಲ್ಲಿ ದಿನವಿಡೀ ನಾಟಿ ಹಾಕುವ ಹೆಂಗಸರು ಎಲ್ಲರದ್ದೂ ಬಾಗಿದ ಬೆನ್ನೇ.

ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕ್‌ಗೇ ಸೂಜಿ ಇಳಿಸಿ ಒತ್ತಡ ಅಳೆದರು. ನೇರ ನಿಂತಾಗ 100 ಎಂದಿಟ್ಟುಕೊಂಡರೆ, ಮುಂದೆ ಬಾಗಿ ಭಾರ ಹಿಡಿದಾಗ ಅದು ಇನ್ನೂರು ದಾಟುತ್ತಿತ್ತು. ಹಾಗೆಂದು ಇದು ಬರೀ ಕೂಲಿಯವರ ಕಾಯಿಲೆಯಲ್ಲ. ಡಿಸ್ಕ್ ಸವೆಯುವುದರಲ್ಲಿ ವಂಶದ ಪಾಲು ದೊಡ್ಡದೆಂದು ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ತೋರಿಸಿವೆ. ಒಂದು ಜಲ್ಲೆಯನ್ನೂ ಎತ್ತದ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವ ಗುಮಾಸ್ತನಿಗೂ ಬರುತ್ತದೆ.

ಎಂಆರ್‌ಐ ಕವರು

ಪ್ಲಾಸ್ಟಿಕ್ ಕವರಿನಲ್ಲಿ ಅಗಲವಾದ ಫಿಲ್ಮ್ ಹಿಡಿದು, ಮಡಚದ ಹಾಗೆ ತೊಡೆಯ ಮೇಲೆ ಜೋಪಾನ ಮಾಡುತ್ತಾ ಬಸ್ಸಿನಲ್ಲಿ ಕೂತವರನ್ನು ಮಂಡ್ಯ–ಮೈಸೂರು ದಾರಿಯಲ್ಲಿ ನೋಡದವರಿಲ್ಲ. ಆ ರಿಪೋರ್ಟಿನಲ್ಲಿ "ಬಲ್ಜ್" ಎಂಬ ಪದ ಕಂಡೊಡನೆ ಮನೆಯವರ ಮುಖ ಬಾಡುತ್ತದೆ. ಅಷ್ಟು ಹೆದರಬೇಕಾಗಿಲ್ಲ. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಮರ್ಶೆಯಲ್ಲಿ, ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು. ಐವತ್ತರವರಲ್ಲಿ 60 ಮಂದಿಗೆ, ಎಂಬತ್ತರವರಲ್ಲಿ 84 ಮಂದಿಗೆ. ಹೀಗಿರುವಾಗ ಫಿಲ್ಮ್‌ನಲ್ಲಿ ಕಂಡ ಉಬ್ಬು ಯಾವ ನರದ ಪಕ್ಕದಲ್ಲಿದೆಯೋ, ನೋವು ಅದೇ ನರದ ದಾರಿಯಲ್ಲಿ ಹರಿಯಬೇಕು. ಎಡಗಾಲು ನೋಯುತ್ತಿರುವವರಿಗೆ ಬಲಗಡೆಯ ಉಬ್ಬು ತೋರಿಸಿ ಸೂಜಿ ಹಾಕಿದರೆ ಅದು ಫಿಲ್ಮ್‌ಗೆ ಮಾಡಿದ ಚಿಕಿತ್ಸೆ.

ಒದೆಸಿಕೊಂಡರೆ ಹೋಗುವ ಉಳುಕು

ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಒದೆಸಿಕೊಂಡವರಲ್ಲಿ ಬಹಳ ಜನ ವಾಸಿಯೂ ಆಗುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಡಿಸ್ಕ್‌ನಿಂದ ಬಂದ ಕಾಲುನೋವು ಬಹುಪಾಲು ಜನರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೊರಬಂದ ತಿರುಳನ್ನು ದೇಹ ಪರಕೀಯವೆಂದು ಗುರುತಿಸಿ, ರಕ್ತದಿಂದ ಕಸ ತಿನ್ನುವ ಕೋಶಗಳನ್ನು ಕಳಿಸಿ, ನಿಧಾನವಾಗಿ ತಿಂದು ಮುಗಿಸುತ್ತದೆ. ವಿಚಿತ್ರವೆಂದರೆ, ಪೂರ್ತಿ ಕಿತ್ತು ಹೊರಬಿದ್ದ ದೊಡ್ಡ ತುಂಡೇ ಸ್ವಲ್ಪ ಉಬ್ಬಿದ ಡಿಸ್ಕ್‌ಗಿಂತ ಬೇಗ ಕರಗುತ್ತದೆ. ಆ ಹೊತ್ತಿಗೆ ಕೊನೆಯಲ್ಲಿ ಕೈಹಾಕಿದವರು ಯಾರೋ ಅವರಿಗೆ ಹೆಸರು: ಒದ್ದವನಿಗೆ, ಎಣ್ಣೆ ಹಚ್ಚಿದವನಿಗೆ, ಪೃಷ್ಠಕ್ಕೆ ಚುಚ್ಚಿದವನಿಗೆ, ಕೆಲವು ಸಲ ಎಪಿಡ್ಯೂರಲ್ ಹಾಕಿದ ತಜ್ಞನಿಗೂ. ಈ ಕಾಯಿಲೆಯ ಯಾವ ಔಷಧವನ್ನು ಅಳೆಯುವಾಗಲೂ ಈ ಕಾಲನ ಪಾಲನ್ನು ಮೊದಲು ಕಳೆಯಬೇಕು.

ಹಾಗಾದರೆ ಸೂಜಿ ಯಾಕೆ? ಹನ್ನೆರಡು ವಾರ ಎಂಬುದು ಪುಸ್ತಕದಲ್ಲಿ ಒಂದು ಸಾಲು. ರಾತ್ರಿ ಮಗ್ಗುಲು ಬದಲಿಸಲಾಗದೆ, ಮಲವಿಸರ್ಜನೆಗೆ ಕುಕ್ಕರುಗಾಲಲ್ಲಿ ಕೂರಲಾಗದೆ, ಕೆಮ್ಮಿದರೆ ಕಾಲಿಗೆ ಕಾದ ಸಲಾಕೆ ಇಟ್ಟಂತಾಗುವವನಿಗೆ ಅದು ಒಂದು ಕಟಾವಿನ ಕಾಲ, ಒಂದು ಬೆಳೆಯ ಕೂಲಿ. ಸ್ಟೀರಾಯ್ಡ್ ಸೂಜಿ ಕೊಡುವುದು ಆ ವಾರಗಳನ್ನು ದಾಟುವ ದೋಣಿಯನ್ನು. ಡಿಸ್ಕ್‌ನ ಬಿರುಕನ್ನು ಅದು ಮುಚ್ಚುವುದಿಲ್ಲ.

ನರ ಒತ್ತಿದ್ದಷ್ಟೇ ಅಲ್ಲ, ಉರಿ ಎದ್ದದ್ದು

ಡಿಸ್ಕ್ ಒಡೆದು ನರವನ್ನು ಒತ್ತುವುದರಿಂದ ಕಾಲುನೋವು ಬರುತ್ತದೆ ಎಂದು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಬಹಳ ಕಾಲ ಒತ್ತಡವೊಂದೇ ಕಾರಣವೆಂದು ನಂಬಲಾಗಿತ್ತು. ಆಮೇಲೆ ತಿಳಿದದ್ದು, ಆ ತಿರುಳು ಕಾರದ ಪುಡಿಯ ಹಾಗೆ, ಸೋಕಿದರೇ ಸಾಕು ನರ ಉರಿಯೇಳುತ್ತದೆ. ಹೊರಬಂದ ತಿರುಳಿನಲ್ಲಿ ಫಾಸ್ಫೋಲೈಪೇಸ್ ಎಂಬ ಉರಿಯೂತದ ಕಿಣ್ವ ತುಂಬಾ ಹೆಚ್ಚಿರುವುದನ್ನು 1990ರಲ್ಲಿ ಕಂಡುಕೊಂಡರು. ಉರಿಯೂತವೆಂದ ಮೇಲೆ ಸ್ಟೀರಾಯ್ಡ್‌ಗೆ ಅಲ್ಲಿ ಕೆಲಸವಿದೆ.

ಆದರೆ ಚಿಕಿತ್ಸೆ ಈ ಅರಿವಿಗಿಂತ ಹಳೆಯದು. ಪ್ಯಾರಿಸ್ಸಿನ ಸಿಕಾರ್ ಮತ್ತು ಕಾಥೆಲಾಂ 1901ರಲ್ಲೇ ಬಾಲಮೂಳೆಯ ಮೇಲಿನ ಸಂದಿಯಿಂದ ಕೊಕೇನ್ ಬಿಟ್ಟು ಎಪಿಡ್ಯೂರಲ್ ದಾರಿ ತೋರಿಸಿದ್ದರು. ಸಂಧಿವಾತಕ್ಕೆ ಕಾರ್ಟಿಸೋನ್ ಬಳಸಿದ ಕೆಲಸಕ್ಕೆ 1950ರ ನೊಬೆಲ್ ಬಂತು. ಎರಡೇ ವರ್ಷಕ್ಕೆ, 1952ರಲ್ಲಿ, ಇಟಲಿಯ ರೊಬೆಕಿ ಮತ್ತು ಕಾಪ್ರಾ ಈ ಬಗೆಯ ಸ್ಟೀರಾಯ್ಡನ್ನು ನರದ ಬುಡಕ್ಕೇ ಬಿಟ್ಟರು.

ಮೇಜಿನ ಮೇಲೆ ಇಪ್ಪತ್ತು ನಿಮಿಷ

ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ದಿಂಬು ಇಡುತ್ತಾರೆ, ಬೆನ್ನುಮೂಳೆಯ ಸಂದುಗಳು ತೆರೆದುಕೊಳ್ಳಲಿ ಎಂದು. ಕಂದು ಬಣ್ಣದ ಅಯೊಡಿನ್ ದ್ರಾವಣ ಸೊಂಟಕ್ಕೆ ಬಳಿದಾಗ ಮೈ ಜುಮ್ಮೆನ್ನುತ್ತದೆ. ಮರಗಟ್ಟಿಸುವ ಸಣ್ಣ ಸೂಜಿ ಇರುವೆ ಕಚ್ಚಿದಂತೆ. ಅದೇ ಹೆಚ್ಚು ನೋಯುವುದು ಎಂದು ಅನೇಕರು ಆಮೇಲೆ ಹೇಳುತ್ತಾರೆ. ತಲೆಯ ಮೇಲೆ ಅರ್ಧಚಂದ್ರದ ಹಾಗೆ ಬಾಗಿರುವ ಯಂತ್ರ ಸಿ-ಆರ್ಮ್. ಅದರ ಎಕ್ಸ್‌ರೇ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡಿಕೊಂಡೇ ವೈದ್ಯರು ಒಳಗೆ ಸರಿಸುತ್ತಾರೆ. ತುದಿ ಸರಿಯಾದ ಜಾಗ ಸೇರಿದೆಯೇ, ರಕ್ತನಾಳದೊಳಗೆ ಹೋಗಿಲ್ಲವೇ ಎಂದು ತಿಳಿಯಲು ಎಕ್ಸ್‌ರೇಯಲ್ಲಿ ಕಾಣಿಸುವ ದ್ರವ ಬಿಡುತ್ತಾರೆ. ಅದು ನರದ ಗುಂಟ ಗೆರೆಯಾಗಿ ಹರಡುತ್ತದೆ. ಆಮೇಲೆ ಔಷಧ. ಆ ಕ್ಷಣಕ್ಕೆ ಕಾಲಿನಲ್ಲಿ ಅದೇ ಹಳೆಯ ಸೆಳೆತ ಒಮ್ಮೆ ಎದ್ದು ಮರೆಯಾಗಬಹುದು. "ಇದೇ ನೋವು ಡಾಕ್ಟ್ರೆ" ಎಂದು ರೋಗಿ ಚೀರಿದರೆ ವೈದ್ಯರಿಗೆ ಸಮಾಧಾನ, ಹುಡುಕಿದ ನರ ಸಿಕ್ಕಿದೆ.

ಒಳಹೋಗಲು ಮೂರು ದಾರಿಗಳಿವೆ. ಬಾಲಮೂಳೆಯ ಸಂದಿಯಿಂದ ಮೇಲಕ್ಕೆ ಬಿಡುವುದು ಹಳೆಯದು, ಸುರಕ್ಷಿತ, ಆದರೆ ಔಷಧ ಹೆಚ್ಚು ಬೇಕು, ಗುರಿ ಮಸುಕು. ನಡುಬೆನ್ನಿನ ಎರಡು ಮೂಳೆಗಳ ನಡುವಿನದು ಹೆರಿಗೆ ನೋವಿಗೆ ಅರಿವಳಿಕೆ ತಜ್ಞರು ಬಳಸುವ ದಾರಿಯೇ. ಪಕ್ಕದಿಂದ, ನರ ಹೊರಬರುವ ಕಿಟಕಿಯಂಥ ರಂಧ್ರದ ಮೂಲಕ ಹೋಗುವುದು ಮೂರನೆಯದು. ಉರಿಯುತ್ತಿರುವ ಜಾಗಕ್ಕೇ ಔಷಧ ಬೀಳುವುದು ಇದರಲ್ಲಿ, ಆದರೆ ಅಪಾಯವೂ ಕೈನಡುಕಕ್ಕೆ ಆಸ್ಪದವಿಲ್ಲದಷ್ಟು ಸಮೀಪ.

ಔಷಧಗಳಲ್ಲಿ ಎರಡು ಬಗೆಯಿದ್ದು ಬರಿಗಣ್ಣಿಗೇ ಗೊತ್ತಾಗುತ್ತವೆ. ಟ್ರಯಾಮ್ಸಿನೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್ ಸೀಸೆಗಳನ್ನು ಅಲುಗಿಸಿದರೆ ಹಾಲಿನಂತೆ ಬೆಳ್ಳಗಾಗುತ್ತವೆ, ಅವುಗಳಲ್ಲಿ ಕಣಗಳಿವೆ. ಡೆಕ್ಸಾಮೆಥಾಸೋನ್ ತಿಳಿನೀರು. ಕಣವಿರುವ ಔಷಧ ತಪ್ಪಿ ಬೆನ್ನುಹುರಿಗೆ ರಕ್ತ ಒಯ್ಯುವ ಸಣ್ಣ ನಾಳಕ್ಕೆ ಹೋದರೆ ಅದನ್ನು ಕಟ್ಟಿಹಾಕಬಹುದು. ಅದಕ್ಕೇ ಪಕ್ಕದ ಕಿಟಕಿಯಿಂದ ಕೊಡುವಾಗ ತಿಳಿ ಔಷಧಕ್ಕೆ ಮೊದಲ ಮಣೆ.

"ಬೆನ್ನಿಗೆ ಸೂಜಿ ಬಿದ್ದರೆ ಜೀವಮಾನವಿಡೀ ಸೊಂಟನೋವು" ಎಂಬ ಮಾತು ಸಿಸೇರಿಯನ್ ಆದ ಹೆಂಗಸರಿಂದ ಹುಟ್ಟಿ ಊರೆಲ್ಲ ಹರಡಿದೆ. ಚುಚ್ಚಿದ ಜಾಗ ಒಂದೆರಡು ದಿನ ನೋಯುವುದು ನಿಜ. ವರ್ಷಗಟ್ಟಲೆಯ ನೋವಿಗೆ ಮಗು ಎತ್ತುವುದು, ಬಾಗಿ ಹಾಲೂಡಿಸುವುದು, ಸಡಿಲವಾದ ಹೊಟ್ಟೆಯ ಸ್ನಾಯುಗಳೇ ಕಾರಣ, ಸೂಜಿಯಲ್ಲ.

ಎಷ್ಟು ಗುಣ

ಇಲ್ಲಿ ಮಾತು ಸ್ವಲ್ಪ ತಣ್ಣಗಾಗಬೇಕು. ಕೆನಡಾದಲ್ಲಿ ಕರೆಟ್ ಮತ್ತು ಸಂಗಡಿಗರು 158 ಜನರಲ್ಲಿ ಅರ್ಧದಷ್ಟು ಮಂದಿಗೆ ಸ್ಟೀರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು ಹಾಕಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ವಾರಗಳಲ್ಲಿ ಸ್ಟೀರಾಯ್ಡ್‌ನವರ ಕಾಲುನೋವು ಸ್ವಲ್ಪ ಇಳಿಯಿತು. ಮೂರು ತಿಂಗಳಿಗೆ ಎರಡು ಗುಂಪೂ ಸಮ. ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 25. ಇಂಥ 25 ಪ್ರಯೋಗಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ 2020ರಲ್ಲಿ ಬಂತು. ನೋವಿಗೆ 100 ಅಂಕವೆಂದರೆ, ಉಪ್ಪುನೀರಿಗಿಂತ ಸ್ಟೀರಾಯ್ಡ್ ಹೆಚ್ಚುವರಿಯಾಗಿ ಇಳಿಸಿದ್ದು ಸರಾಸರಿ 5 ಅಂಕ, ಅದೂ ಸ್ವಲ್ಪ ಕಾಲಕ್ಕೆ.

ಸರಾಸರಿಯೊಳಗೆ ಒಬ್ಬನಿಗೆ ಪೂರ್ತಿ ಹೋದ ನೋವು, ಇನ್ನೊಬ್ಬನಿಗೆ ಕದಲದ ನೋವು ಎರಡೂ ಅಡಗಿರುತ್ತವೆ. ಆದ್ದರಿಂದ ಆಸ್ಟ್ರೇಲಿಯಾದ ಘಾಹ್ರೆಮಾನ್, ಬಾಗ್ಡುಕ್ ಮತ್ತಿತರರು 2010ರಲ್ಲಿ ಪ್ರಕಟಿಸಿದ, 150 ಜನರ ಮೇಲಿನ ಪ್ರಯೋಗ ನಮ್ಮ ಊರಿನ ಗೊಂದಲಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಅವರು ಕೆಲವರಿಗೆ ಪಕ್ಕದ ಕಿಟಕಿಯಿಂದ ನರದ ಬುಡಕ್ಕೆ ಸ್ಟೀರಾಯ್ಡ್ ಬಿಟ್ಟರು, ಕೆಲವರಿಗೆ ಅದೇ ಸ್ಟೀರಾಯ್ಡನ್ನು ಮಾಂಸಖಂಡಕ್ಕೆ ಚುಚ್ಚಿದರು. ಒಂದು ತಿಂಗಳಿಗೆ ನೋವು ಕನಿಷ್ಠ ಅರ್ಧದಷ್ಟು ಇಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 54, ಎರಡನೆಯದರಲ್ಲಿ 21. ಬರೀ ಉಪ್ಪುನೀರನ್ನು ನರದ ಬುಡಕ್ಕೆ ಬಿಡಿಸಿಕೊಂಡವರಲ್ಲೂ ನೂರಕ್ಕೆ 19 ಮಂದಿಗೆ ಹಾಗೇ ಆಗಿತ್ತು. ಅಂದರೆ ಮಾಂಸಕ್ಕೆ ಹೋದ ಸ್ಟೀರಾಯ್ಡ್ ಉಪ್ಪುನೀರಿಗಿಂತ ಹೆಚ್ಚೇನೂ ಮಾಡಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಮೊದಲ ಗುಂಪಿನಲ್ಲೂ ಉಪಶಮನ ಉಳಿಸಿಕೊಂಡವರು ಕಡಿಮೆಯಾದರು.

ಕಾಲುನೋವು ಹೆಚ್ಚಿದ್ದು, ಶುರುವಾಗಿ ಕೆಲವು ತಿಂಗಳಷ್ಟೇ ಆಗಿದ್ದವರಿಗೆ ಇದು ಒಗ್ಗುತ್ತದೆ. ಕಾಲಿಗೆ ಏನೂ ಇಲ್ಲದೆ ಸೊಂಟವಷ್ಟೇ ನೋಯುವವರಿಗೆ ಬಹುಮಟ್ಟಿಗೆ ದುಡ್ಡು ದಂಡ. ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿದರೂ ಸೂಜಿ ತೀರಾ ಹಿಂದೆ ಬೀಳುವುದಿಲ್ಲ. ಬ್ರಿಟನ್ನಿನಲ್ಲಿ 163 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 18 ವಾರಗಳ ಕೊನೆಗೆ ಡಿಸ್ಕ್ ತೆಗೆಸಿಕೊಂಡವರಿಗೂ ಸೂಜಿ ಹಾಕಿಸಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಸಂತೆಯ ದಿನದ ಸೂಜಿ

ಪೃಷ್ಠಕ್ಕೆ ಚುಚ್ಚುವ ಸಿರಿಂಜಿನಲ್ಲಿ ಸಾಮಾನ್ಯವಾಗಿ ಡೈಕ್ಲೋಫೆನಾಕ್ ಇರುತ್ತದೆ. ಎಷ್ಟೋ ಕಡೆ ಅದರ ಜೊತೆ ಡೆಕ್ಸಾಮೆಥಾಸೋನ್ ಬೆರೆಸುತ್ತಾರೆ. ಎಪಿಡ್ಯೂರಲ್‌ನಲ್ಲಿ ಬಳಸುವ ಅದೇ ತಿಳಿ ಔಷಧ! ಸೀಸೆ ಒಂದೇ, ಜಾಗ ಬೇರೆ. ಸೂಜಿ ಬಿದ್ದ ಸಂಜೆಗೇ ಮೈ ಹಗುರಾಗಿ, ಹಸಿವಾಗುವುದು ಸ್ಟೀರಾಯ್ಡ್ ಇಡೀ ಮೈಗೆ ಹರಡಿದ್ದರಿಂದ. ಆ ಸುಖವೇ ಮುಂದಿನ ವಾರ ಮತ್ತೆ ಕರೆತರುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮುಖ ಊದಿ ದುಂಡಗಾಗುತ್ತದೆ, ಸಕ್ಕರೆ ಕಾಯಿಲೆ ತಲೆಯೆತ್ತುತ್ತದೆ, ಮೂಳೆ ಟೊಳ್ಳಾಗುತ್ತದೆ, ತೊಡೆಮೂಳೆಯ ತಲೆಭಾಗಕ್ಕೆ ರಕ್ತದ ಹರಿವು ನಿಂತು ಅದು ಕುಸಿಯಬಹುದು. ಸೊಂಟನೋವಿಗೆ ಹೋದವನು ಕೊನೆಗೆ ಸೊಂಟದ ಕೀಲು ಬದಲಿಸಿಕೊಳ್ಳುವ ಗತಿ. ಇನ್ನೂ ಒಂದು ವಿಪರ್ಯಾಸ: ಸಿಯಾಟಿಕ್ ನರ ಹಾದುಹೋಗುವುದು ಪೃಷ್ಠದ ನಡುವೆಯೇ. ಮೇಲಿನ ಹೊರಮೂಲೆ ಬಿಟ್ಟು ಬೇರೆಲ್ಲಿ ಚುಚ್ಚಿದರೂ ಸೂಜಿ ಆ ನರಕ್ಕೇ ತಾಗಿ ಪಾದ ಜೋತುಬೀಳಬಹುದು.

ಚುಚ್ಚುವವರು ಯಾರು ಎಂದು ಕೇಳುವುದು ಮರ್ಯಾದೆಗೇಡಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಂತೆ ಖಾಸಗಿ ಕ್ಲಿನಿಕ್ ನಡೆಸಲು ನೋಂದಣಿ ಕಡ್ಡಾಯ.

ಅಪಾಯದ ಲೆಕ್ಕ

ಎಪಿಡ್ಯೂರಲ್ ಸೂಜಿಗೂ ತನ್ನದೇ ಕರಾಳ ಪುಟವಿದೆ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಔಷಧ ತಯಾರಿಕಾ ಕೇಂದ್ರದ ಮೀಥೈಲ್‌ಪ್ರೆಡ್ನಿಸೋಲೋನ್ ಸೀಸೆಗಳಲ್ಲಿ ಬೂಷ್ಟು ಸೇರಿತ್ತು. 20 ರಾಜ್ಯಗಳಲ್ಲಿ 753 ಜನ ಮೆದುಳುಪೊರೆಯ ಉರಿಯೂತ ಮುಂತಾದ ಸೋಂಕಿಗೆ ಬಿದ್ದರು, 64 ಮಂದಿ ಸತ್ತರು. 2014ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಇನ್ನೊಂದು ಎಚ್ಚರಿಕೆ ಹೊರಡಿಸಿತು: ಬಲು ಅಪರೂಪಕ್ಕೆ ಈ ಸೂಜಿಯಿಂದ ಪಾರ್ಶ್ವವಾಯು, ಕುರುಡು, ಸಾವು ಆಗಬಹುದು. ದಿನನಿತ್ಯ ಕಾಣುವ ತೊಂದರೆಗಳು ಸಣ್ಣವು, ಎರಡು ದಿನ ಮುಖ ಬಿಸಿಯಾಗಿ ಕೆಂಪಾಗುವುದು, ನಿದ್ದೆ ಬಾರದಿರುವುದು, ಸೂಜಿ ಪೊರೆ ದಾಟಿದ್ದರೆ ಎದ್ದು ಕೂತಾಗ ತಲೆನೋವು.

ನಮ್ಮ ಕಡೆ ಹೆಚ್ಚು ಗಮನ ಕೊಡಬೇಕಾದದ್ದು ಎರಡು. ಸಕ್ಕರೆ ಕಾಯಿಲೆಯವರಿಗೆ ಸೂಜಿಯ ಮರುದಿನದಿಂದ ಕೆಲವು ದಿನ ರಕ್ತದ ಸಕ್ಕರೆ ಜಿಗಿಯುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ದಿನಕ್ಕೆರಡು ಸಲ ನೋಡಬೇಕು, ಮಾತ್ರೆಯ ಪ್ರಮಾಣವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಎರಡನೆಯದು ಬೆನ್ನುಮೂಳೆಯ ಕ್ಷಯ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ಸೊಂಟನೋವು ಇದ್ದರೆ ಮೊದಲು ಕ್ಷಯವಲ್ಲ ಎಂದು ಖಾತ್ರಿಯಾಗಬೇಕು. ಅಲ್ಲಿಗೆ ಸ್ಟೀರಾಯ್ಡ್ ಬಿಟ್ಟರೆ ಬೆಂಕಿಗೆ ತುಪ್ಪ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಅದನ್ನು ಮುಚ್ಚಿಡಬಾರದು, ತಾವಾಗಿ ನಿಲ್ಲಿಸಲೂಬಾರದು.

ಎಲ್ಲಿಗೆ ಹೋಗುವುದು

ಮದ್ದೂರು, ಮಳವಳ್ಳಿಯ ತಾಲೂಕು ಆಸ್ಪತ್ರೆಗಳಲ್ಲಿ ಮೊದಲ ಪರೀಕ್ಷೆ ಮಾಡಿಸಿಕೊಂಡು ಮುಂದುವರಿಯುವುದು ಸರಿಯಾದ ದಾರಿ. ಮೂಳೆ ಮತ್ತು ಅರಿವಳಿಕೆ ವಿಭಾಗಗಳು ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿವೆ. ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆ ಮಂಡ್ಯದಿಂದ 45 ಕಿಲೋಮೀಟರ್. ಹೋಗುವ ಮೊದಲು ಕೇಳಬೇಕಾದದ್ದು ಒಂದೇ: ಸೂಜಿಯನ್ನು ಸಿ-ಆರ್ಮ್ ನೋಡಿಕೊಂಡು ಹಾಕುತ್ತೀರಾ?

ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಸೈಕಲ್ ಸೀಟು ತಾಗುವ ಭಾಗವೆಲ್ಲ ಮರಗಟ್ಟಿದರೆ, ಎರಡೂ ಕಾಲು ಸೋತರೆ ಸೂಜಿಯ ಮಾತು ಅಲ್ಲಿಗೆ ನಿಂತಿತು. ಬೆನ್ನುಹುರಿಯ ಕೊನೆಯ ನರಗುಚ್ಛ ಒತ್ತಿಕೊಂಡಿದೆ ಎಂದರ್ಥ. ಬೆಳಗಾಗಲಿ ಎನ್ನದೆ ಆ ರಾತ್ರಿಯೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆ ಸೇರಬೇಕು. ತಡವಾದರೆ ಮೂತ್ರದ ಹಿಡಿತ ಮರಳದೇ ಇರಬಹುದು.

ಹಾಕಿಸಿಕೊಂಡು ಬಂದ ಮೇಲೆ

ಮರಗಟ್ಟಿಸುವ ಔಷಧದ ದೆಸೆಯಿಂದ ಕೆಲವು ಗಂಟೆ ಕಾಲು ಸಡಿಲವಾಗಿರುತ್ತದೆ. ಒಬ್ಬರೇ ಸ್ಕೂಟರ್ ಓಡಿಸಿಕೊಂಡು ಮಳವಳ್ಳಿಗೆ ಮರಳುವ ಸಾಹಸ ಬೇಡ. ಅಂದು ರಾತ್ರಿ ನೋವು ಮಾಯವಾದಂತಿದ್ದು ಮರುದಿನ ಮರಳಿದರೆ ಗಾಬರಿಯಾಗಬೇಕಿಲ್ಲ. ಮೊದಲನೆಯದು ಅರಿವಳಿಕೆಯ ಆಟ, ಸ್ಟೀರಾಯ್ಡ್ ತನ್ನ ಕೆಲಸ ತೋರಿಸಲು ಎರಡು ದಿನದಿಂದ ಒಂದು ವಾರ ಬೇಕು. ಎರಡು ವಾರ ಕಳೆದರೂ ಕದಲದಿದ್ದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹಾಕಿಸುವುದರಲ್ಲಿ ಅರ್ಥವಿಲ್ಲ. ಮೂರು ಸೂಜಿಗಳ ಪ್ಯಾಕೇಜ್ ಎಂದು ಮೊದಲೇ ಹಣ ಕಟ್ಟಿಸಿಕೊಳ್ಳುವವರನ್ನು ಎರಡು ಪ್ರಶ್ನೆ ಹೆಚ್ಚು ಕೇಳಬೇಕು. ಮೊದಲ ಸೂಜಿ ಅರ್ಧ ಗುಣ ಕೊಟ್ಟಿದ್ದರೆ ಮಾತ್ರ ಎರಡನೆಯದಕ್ಕೆ ಕಾರಣವಿದೆ.

ನೋವು ಇಳಿದ ವಾರವೇ ನಡಿಗೆ, ಫಿಸಿಯೋಥೆರಪಿ ಶುರುವಾಗಬೇಕು. ಅದಕ್ಕೇ ತಾನೇ ಸೂಜಿ ಹಾಕಿಸಿದ್ದು. ಹಾಸಿಗೆ ಹಿಡಿದು ಮಲಗಿದರೆ ಬೆನ್ನಿನ ಸ್ನಾಯು ಸೊರಗುತ್ತದೆ. ಅತ್ತ, ನೋವಿಲ್ಲವೆಂದು ನಾಲ್ಕನೇ ದಿನಕ್ಕೆ ಕಬ್ಬಿನ ಕಟ್ಟು ಹೊರುವವರೂ ಇದ್ದಾರೆ. ಸ್ಟೀರಾಯ್ಡ್ ಆರಿಸಿದ್ದು ಉರಿಯನ್ನು, ನಾರಿನ ಬಿರುಕು ಇದ್ದಲ್ಲೇ ಇದೆ. ಕಟಾವಿಗೆ ಮರಳುವುದಿದ್ದರೂ ಮೊದಲ ತಿಂಗಳು ಸೋಗೆ ಸವರುವ ಕೆಲಸ ಇಟ್ಟುಕೊಂಡು, ಹೊರೆ ಎತ್ತುವುದನ್ನು ಜೊತೆಯವರಿಗೆ ಬಿಡುವುದು ಮೇಲು.